ಸಹಾಯ ಬೇಕು: ವಂಡರ್‌ಲಾದಲ್ಲಿ 1 ವರ್ಷದ ಮಗುವಿನ ನಿದ್ದೆ ಎಲ್ಲಿ?

ಶಿವಮೊಗ್ಗದಿಂದ ಕಾರಲ್ಲಿ ಬಿಡದಿಯ ವಂಡರ್‌ಲಾಕ್ಕೆ. ಇಬ್ಬರು ದೊಡ್ಡವರು, 8 ವರ್ಷದ ಹುಡುಗ, 1 ವರ್ಷದ ಪುಟ್ಟಿ. ಅರಸೀಕೆರೆ, ತಿಪಟೂರು, ತುಮಕೂರು, ನೆಲಮಂಗಲದಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿಯೋದು. ಹತ್ರತ್ರ 300 ಕಿ.ಮೀ., ಒಂದೇ ದಿನ ಹೋಗಿ ಬರೋದಂತೂ ಆಗದ ಮಾತು ಮಾರಾಯ್ರೆ. ಹಾಗಾಗಿ ಹಿಂದಿನ ರಾತ್ರಿ ಬಿಡದಿಯಲ್ಲೇ ರೂಮು.

ಚೀಲ ರೆಡಿ: ಮಡಚೋ ತಳ್ಳುಗಾಡಿ, ಟೋಪಿ, ಬಾಳೆಹಣ್ಣು, ಬೆಳಿಗ್ಗೆಯೇ ಕಾಯಿಸಿ ಫ್ಲಾಸ್ಕಿಗೆ ತುಂಬೋ ತೆಳ್ಳಗಿನ ರಾಗಿ ಮಣ್ಣಿ, 3 ಜೊತೆ ಬಟ್ಟೆ. ಮಾಮೂಲಿ ಡೈಪರ್ ನೀರು ಕುಡಿದು ಊದಿ ಮೊಣಕಾಲಿಗೆ ಜಾರುತ್ತೆ, ಒಳಗಿನ ಜೆಲ್ಲು ಹೊರಬರುತ್ತೆ. ಅದಕ್ಕೆ ಈಜುಡೈಪರ್ ತಗೊಂಡಾಯ್ತು. ಅದು ಉಚ್ಚೆ ಹಿಡಿಯಲ್ಲ, ಹಾಗಾಗಿ ಕೊಳದ ಹತ್ರ ಹೋದ್ಮೇಲೇ ಹಾಕೋದು. ನೀರಲ್ಲಿ 10-15 ನಿಮಿಷ, ತುಟಿ ನೀಲಿಯಾಗೋ ಮೊದಲೇ ಎತ್ತಿ ಒರೆಸೋದು. ರೈಡಿಗೆ ದೊಡ್ಡವರು ಸರದಿ ಮೇಲೆ, ಒಬ್ಬರು ಸದಾ ಮಗು ಜೊತೆ.

ಸಿಕ್ಕಿಬಿದ್ದಿರೋದು ಇಲ್ಲಿ. ಪುಟ್ಟಿ ದಿನಾ ಮಲಗೋದು 12:30ರಿಂದ 2. ನೀರಾಟ ಮೊದಲು ಅಂದ್ರೆ ಒದ್ದೆ ತಲೆಯಲ್ಲೇ ನಿದ್ದೆ. ನಿದ್ದೆ ಮೊದಲು ಅಂದ್ರೆ ದೊಡ್ಡ ಹುಡುಗನ ಜೊತೆ ಎಲ್ಲರೂ ನೀರಿಗಿಳಿಯೋಕೆ 2 ಗಂಟೆ ಮೇಲಿನ ಹೊತ್ತಷ್ಟೇ ಉಳಿಯೋದು. ತಳ್ಳುಗಾಡಿಗೆ ಬಟ್ಟೆ ಮುಚ್ಚಿ ಮಲಗಿಸೋಣ ಅಂದ್ರೆ ಒಳಗೆ ಗಾಳಿಯಾಡದೆ ಸೆಖೆ ಏರುತ್ತೆ, ಅದು ಬೇಡವೇ ಬೇಡ.

ಇಷ್ಟು ಚಿಕ್ಕ ಮಗು ಕರ್ಕೊಂಡು ಹೋದವರು ಹೇಳಿ: ಒಳಗೆ ಒಂದೂವರೆ ತಾಸು ಮಲಗಿಸೋಕೆ ಹಾಡಿನ ಗದ್ದಲ ಇಲ್ಲದ, ನೆರಳಿರೋ ಜಾಗ ಯಾವ ಕಡೆ ಇದೆ? ಇಲ್ಲ ಅಂದ್ರೆ ರೂಮಿಗೆ ಹೋಗಿ ಅದೇ ಟಿಕೆಟ್ಟಲ್ಲಿ ವಾಪಸ್ ಒಳಗೆ ಬಿಡ್ತಾರಾ?