ಯೋಹಾನ 15 ಮತ್ತು ದ್ರಾಕ್ಷಿ ಚಪ್ಪರ: ಬೆಳೆಗಾರರ ಮುಂದೆ ಹೇಗೆ ಹೇಳುವುದು?

ನಂದಿತಪ್ಪಲು (ಪ್ರಶ್ನೆ):
ಎಲ್ಲರಿಗೂ ವಂದನೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಮನೆಪ್ರಾರ್ಥನೆಯಲ್ಲಿ ಯೋಹಾನ 15:1–8ರ ಮೇಲೆ, ಅಂದರೆ ಯೇಸು ತನ್ನನ್ನು ದ್ರಾಕ್ಷಿಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ತಂದೆಯನ್ನು ತೋಟಗಾರನಿಗೂ ಹೋಲಿಸುವ ಭಾಗದ ಮೇಲೆ, ಅರ್ಧ ಗಂಟೆ ಮಾತಾಡಬೇಕಿದೆ. ಬರುವವರಲ್ಲಿ ಹೆಚ್ಚಿನವರು ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವವರು, ಇಲ್ಲವೇ ಕಟ್ಟಿಂಗ್ (ಬಳ್ಳಿ ಸವರುವ) ಕೆಲಸಕ್ಕೆ ಹೋಗುವವರು. ಬಳ್ಳಿಯ ವಿಷಯದಲ್ಲಿ ಅವರ ಮುಂದೆ ತಪ್ಪು ಮಾತಾಡುವಂತಿಲ್ಲ. ಯೇಸುಸ್ವಾಮಿ ಕಂಡ ತೋಟಕ್ಕೂ ನಮ್ಮ ಚಪ್ಪರಕ್ಕೂ ಎಷ್ಟು ಹೊಂದುತ್ತದೆ?

ಇನ್ನೊಂದು ಮುಖ್ಯ ಸಂಗತಿ. ಮಗನನ್ನು ಕಳೆದುಕೊಂಡ ಮನೆಯವರೂ ಅಲ್ಲಿರುತ್ತಾರೆ. ‘ಹೆಚ್ಚು ಫಲ ಬರಲಿ ಅಂತ ದೇವರು ಕತ್ತರಿ ಆಡಿಸಿದ್ದಾರೆ’ ಎಂದು ಈ ಭಾಗವನ್ನು ಸಾವಿನ ಮನೆಗಳಲ್ಲಿ ಹೇಳುವ ರೂಢಿ ಇದೆ. ಅದು ಸರಿಯೇ?

ಚಪ್ಪರದಡಿ:
ಮೊದಲು ಬಳ್ಳಿಯ ವಿಷಯ. ಎರಡನೆಯ ವಚನದಲ್ಲಿ ಎರಡು ಬೇರೆ ಕೆಲಸಗಳಿವೆ. ಫಲ ಕೊಡದ ಕೊಂಬೆಯನ್ನು ತೆಗೆದುಹಾಕುವುದು ಒಂದು, ಫಲ ಕೊಡುವುದನ್ನು ಸವರುವುದು ಇನ್ನೊಂದು. ಬೋಧಕರು ಇವೆರಡನ್ನೂ ಕಲಸಿಬಿಡುತ್ತಾರೆ, ಬೆಳೆಗಾರರಿಗೆ ಅಲ್ಲೇ ಗೊತ್ತಾಗುತ್ತದೆ. ಒಣಗಿದ ಕಡ್ಡಿಯನ್ನು ಬುಡಕ್ಕೇ ಕೊಯ್ಯುತ್ತೇವೆ. ಸೀಸದಕಡ್ಡಿ ದಪ್ಪಕ್ಕೆ ಬಲಿತ ಕಡ್ಡಿಯಲ್ಲಿ ಮಾತ್ರ ಕಣ್ಣು (ಚಿಗುರೊಡೆಯುವ ಮೊಗ್ಗು) ಎಣಿಸುತ್ತೇವೆ. ಬೆಂಗಳೂರು ನೀಲಿಗಾದರೆ ನಾಲ್ಕೈದು ಕಣ್ಣು ಉಳಿಸಿ, ಕೊನೆಯ ಕಣ್ಣಿನಿಂದ ಅರ್ಧ–ಮುಕ್ಕಾಲು ಅಂಗುಲ ಮೇಲೆ ಕತ್ತರಿ ಹಾಕಬೇಕು. ಕಣ್ಣಿಗೆ ತೀರಾ ಹತ್ತಿರ ಕೊಯ್ದರೆ ಆ ಕಣ್ಣೇ ಒಣಗುತ್ತದೆ.

ಸವರದೆ ಬಿಟ್ಟರೆ ಏನಾಗುತ್ತದೆ ಎಂಬುದರಲ್ಲೇ ನಿಮ್ಮ ಅರ್ಧ ಪ್ರಸಂಗವಿದೆ. ಚಿಗುರು ಯಾವಾಗಲೂ ಕಡ್ಡಿಯ ತುದಿಯಲ್ಲೇ ಮೊದಲು ಒಡೆಯುತ್ತದೆ, ಬುಡದ ಕಣ್ಣುಗಳು ಮಲಗಿಬಿಡುತ್ತವೆ. ಗೊನೆ ಬಿಡುವ ಜಾಗ ವರ್ಷವರ್ಷವೂ ಕಾಂಡದಿಂದ ದೂರ ಸರಿಯುತ್ತದೆ, ನಡುವೆ ಬರೀ ಬೋಳು ಕಟ್ಟಿಗೆ ಉಳಿಯುತ್ತದೆ. ಮೇಲೆ ಎಲೆ ದಟ್ಟೈಸಿ ನೆರಳಾದರೆ ಒಳಗಿನ ಕಣ್ಣು ಗೊನೆ ಕಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿಯಾಡದೆ ಡೌನಿ ಎಂಬ ಬೂಷ್ಟು ರೋಗ ಸೇರುತ್ತದೆ. ಕೆಳಗೆ ನಿಂತು ನೋಡುವವರಿಗೆ ಮಾತ್ರ ತೋಟ ಹಚ್ಚಹಸಿರು. ಅಂದರೆ ಕತ್ತರಿಯ ಕೆಲಸ ಕೊಂಬೆಯನ್ನು ಮತ್ತೆ ಕಾಂಡದ ಹತ್ತಿರಕ್ಕೆ ತರುವುದು. ಎರಡನೆಯ ವಚನದ ಸವರುವಿಕೆಯೂ ನಾಲ್ಕನೆಯ ವಚನದ ‘ನನ್ನಲ್ಲಿ ನೆಲೆಗೊಂಡಿರಿ’ ಎಂಬುದೂ ಒಂದೇ ಮಾತು ಎಂದು ನಾನು ಓದುವುದು ಇದಕ್ಕೇ.

ಹೊಂದದ ಕಡೆಯನ್ನೂ ಹೇಳಿಬಿಡಿ. ಯೇಸುವಿನ ನಾಡಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುವ ಬಳ್ಳಿ, ಮಳೆಯಿಲ್ಲದ ಬೇಸಿಗೆ, ವರ್ಷಕ್ಕೆ ಒಂದೇ ಬೆಳೆ. ಕಲ್ಲುಕಂಬ, ತಂತಿಯ ಚಪ್ಪರದಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವುದು ನಮ್ಮ ಹವೆಯ ಕೊಡುಗೆ. ಆರನೆಯ ವಚನದ ಬೆಂಕಿ ಮಾತ್ರ ಎರಡೂ ಕಡೆ ಒಂದೇ. ಸವರಿದ ಕಡ್ಡಿ ಚಪ್ಪರದಡಿ ಬಿದ್ದಿದ್ದರೆ ಮುಂದಿನ ಚಿಗುರಿಗೆ ರೋಗ ಹತ್ತುತ್ತದೆ, ಆದ್ದರಿಂದ ಆಯ್ದು ಸುಡಬೇಕು. ಆ ಕಟ್ಟಿಗೆಯಲ್ಲಿ ಒಂದು ಗೂಟವೂ ಆಗದು ಎಂದು ಯೆಹೆಜ್ಕೇಲ 15ರಲ್ಲೂ ಇದೆ.

ಸಭೆಯಕ್ಕ ಚಿಂತಾಮಣಿ:
ಎರಡನೇ ಪ್ರಶ್ನೆಗೆ: ಸರಿಯಲ್ಲ, ದಯವಿಟ್ಟು ಹೇಳಬೇಡಿ. ವಾಕ್ಯದಲ್ಲೇ ಕಾರಣವಿದೆ. ಶಿಷ್ಯರು ಈಗಾಗಲೇ ಶುದ್ಧರಾಗಿದ್ದಾರೆ, ಅದು ತಾನು ಹೇಳಿದ ಮಾತಿನಿಂದ, ಎಂದು ಮೂರನೆಯ ವಚನದಲ್ಲಿ ಯೇಸುಸ್ವಾಮಿ ಸ್ಪಷ್ಟವಾಗಿ ಹೇಳುತ್ತಾರೆ. ಶುದ್ಧಮಾಡುವುದೇ ಇಲ್ಲಿ ಸವರುವಿಕೆ, ಆದ್ದರಿಂದ ಕತ್ತರಿ ಎಂದರೆ ಅವರ ಮಾತು. ಸಾವು, ಕಾಯಿಲೆ, ಬೋರ್‌ವೆಲ್ ಬತ್ತಿದ್ದು, ಸಾಲ ಇವು ಯಾವುವನ್ನೂ ಅಲ್ಲಿ ಕತ್ತರಿ ಎಂದಿಲ್ಲ. ಅದರ ಮೇಲೆ, ತೋಟಗಾರ ಕೊಯ್ಯುವುದು ಬಳ್ಳಿಯದೇ ಬೆಳವಣಿಗೆಯನ್ನು. ಮಗು ತಾಯಿಯ ಹೆಚ್ಚುವರಿ ಚಿಗುರಲ್ಲ. ಹಾಗೆಂದು ಧ್ವನಿಸಿದರೂ ಆ ತಾಯಿ ಇನ್ನು ಪ್ರಾರ್ಥನೆಗೆ ಬರುವುದು ಕಷ್ಟ.

ಆ ಮನೆಯವರಿಗಾಗಿ ಲೂಕ 13:4 ಇಟ್ಟುಕೊಳ್ಳಿ. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಕೇಳಿ, ಅಲ್ಲ ಎಂದು ಯೇಸುವೇ ಉತ್ತರಿಸುತ್ತಾರೆ. ಯೋಹಾನ 11:35ರಲ್ಲಿ ಸತ್ತ ಗೆಳೆಯ ಲಾಜರನಿಗಾಗಿ ಅಳುತ್ತಾರೆ. ಇವನ್ನು ಸಭೆಯಲ್ಲಿ ಅವರತ್ತ ನೋಡಿಕೊಂಡು ಓದಬೇಡಿ. ಮುಂಚಿನ ದಿನವೇ ಮನೆಗೆ ಹೋಗಿ, ನಾಳೆ ಬಳ್ಳಿಯ ಭಾಗ ಓದುತ್ತೇವೆ, ಹೀಗೆ ಅರ್ಥ ಹೇಳುತ್ತೇವೆ ಎಂದು ತಿಳಿಸಿ ಬನ್ನಿ.

ಹಾಗಾದರೆ ಮಾತು ಏನನ್ನು ಸವರುತ್ತದೆ? 12ನೆಯ ವಚನದವರೆಗೂ ಓದಿ. ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬುದು ಅಲ್ಲಿದೆ, ಎಂಟಕ್ಕೇ ನಿಲ್ಲಿಸಿದರೆ ಫಲ ಏನೆಂದೇ ತಿಳಿಯುವುದಿಲ್ಲ. ಉದಾಹರಣೆ ಹತ್ತಿರದ್ದಿರಲಿ: ಕಟ್ಟಿಂಗ್ ಕೂಲಿ ವಾರಗಟ್ಟಲೆ ತಡೆಹಿಡಿಯುವುದು, ಗಂಡಾಳಿಗೆ ಒಂದು ಹೆಣ್ಣಾಳಿಗೆ ಒಂದು ಕೂಲಿ, ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದು. ತೋಟದ ಮಾಲೀಕರೂ ಕೂಲಿಯವರೂ ಒಂದೇ ಚಾಪೆಯ ಮೇಲೆ ಕೂರುವ ಸಭೆಯಲ್ಲಿ ಇದನ್ನು ಹೇಳಲು ಧೈರ್ಯ ಬೇಕು, ಆದರೆ ವಾಕ್ಯ ಕೇಳುವುದು ಅದನ್ನೇ.

ನಂದಿತಪ್ಪಲು:
ತುಂಬಾ ಉಪಕಾರವಾಯಿತು. ಹಸಿ ಕಡ್ಡಿ ಒಂದನ್ನು ಕೈಯಲ್ಲಿ ಹಿಡಿದು, ಬಳ್ಳಿ ಬಿಟ್ಟರೆ ಇದು ಸಾಯುತ್ತದೆ ಎಂದು ತೋರಿಸಬಹುದೇ?

ಚಪ್ಪರದಡಿ:
ಅಲ್ಲೇ ಸಿಕ್ಕಿಬೀಳುತ್ತೀರಿ. ‘ನಾವು ಮೂರ್ನಾಲ್ಕು ಕಣ್ಣಿನ ಕಡ್ಡಿ ನೆಟ್ಟೇ ಸಸಿ ಮಾಡ್ತೀವಲ್ಲ ಸ್ವಾಮಿ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರು ಹೇಳುವುದು ನಿಜ, ಒಪ್ಪಿಕೊಳ್ಳಿ. ಬೇರು ಬಿಟ್ಟ ಕಡ್ಡಿ ಬೇರೆ ಗಿಡವಾಗುತ್ತದೆ, ಯೇಸು ಮಾತಾಡುತ್ತಿರುವುದು ಕೊಂಬೆಯಾಗಿಯೇ ಉಳಿದು ಫಲ ಕೊಡುವುದರ ಬಗ್ಗೆ. ಹೋಲಿಕೆ ಅಷ್ಟು ದೂರ ಮಾತ್ರ ಬರುತ್ತದೆ.

ತೋರಿಸಲೇಬೇಕೆಂದರೆ ಎರಡು ಮೂರು ವಾರ ಮುಂಚೆ ಬಲಿತ ಕಡ್ಡಿಗಳನ್ನು ನೀರಿನ ಬಾಟಲಿಯಲ್ಲಿಡಿ. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಕಣ್ಣು ಒಡೆದು ಎಲೆ ಬರುತ್ತದೆ, ಕೆಲವೊಮ್ಮೆ ಪುಟ್ಟ ಹೂಗೊನೆಯೂ ಕಾಣುತ್ತದೆ. ಕಾಯಿ ಮಾತ್ರ ತುಂಬುವುದಿಲ್ಲ, ಗೊನೆ ಒಣಗಿಬಿಡುತ್ತದೆ. ಬೆಳೆಗಾರರು ಇದಕ್ಕೆ ಎದುರಾಡುವುದಿಲ್ಲ. ಚಿಗುರು ತಡವಾದರೆಂದು ಐದಾರು ಕಡ್ಡಿ ಇಟ್ಟಿರಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ.

ಸಭೆಯಕ್ಕ ಚಿಂತಾಮಣಿ:
ಮನೆಯಲ್ಲಿ ತೆಲುಗು ಆಡುವವರು ಬಹಳ ಜನ ಇದ್ದರೆ ವಾಕ್ಯವನ್ನು ಎರಡೂ ಭಾಷೆಯಲ್ಲಿ ಓದಿಸಿ. ಕನ್ನಡದಲ್ಲಿ ಓದಿದವರೇ ತೆಲುಗಿನಲ್ಲೂ ಓದುವುದು ಬೇಡ, ಕೂಲಿ ಕೆಲಸದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಮೊದಲೇ ತಿಳಿಸಿಡಿ. ಓದಿಗೆ ಐದು ನಿಮಿಷ, ಬಳ್ಳಿಗೆ ಹತ್ತು, 12ನೆಯ ವಚನಕ್ಕೆ ಹತ್ತು, ಉಳಿದದ್ದು ಪ್ರಾರ್ಥನೆಗೆ.