ಕುವೆಂಪುನಗರದ 30×40 ಮನೆಗೆ ಕ್ರಾಸ್ ಮರಿ: ಲ್ಯಾಬ್–ನಾಟಿಯೋ, ಹಸ್ಕಿ–ಪೊಮೆರೇನಿಯನ್ನೋ?

ಕುಕ್ಕರಹಳ್ಳಿ ಏರಿ:

ನಮಸ್ಕಾರ. ಕುವೆಂಪುನಗರದಲ್ಲಿ ನೆಲಮಹಡಿ ಮನೆ, ಮುಂದೆ ಹತ್ತಡಿ ಜಾಗ, ಕಾಂಪೌಂಡ್ ನಾಲ್ಕಡಿ ಎತ್ತರ. ಮನೆಯಲ್ಲಿ 6 ವರ್ಷದ ಮಗಳು, 70 ದಾಟಿದ ಅತ್ತೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಅತ್ತೆ ಒಬ್ಬರೇ. ಎರಡು ಮರಿ ನೋಡಿಟ್ಟಿದ್ದೇವೆ.

ಒಂದು, ಶ್ರೀರಂಗಪಟ್ಟಣದ ಹತ್ತಿರ ತೋಟದ ಮನೆಯಲ್ಲಿ ಹುಟ್ಟಿದ ಹೆಣ್ಣು. ತಾಯಿ ಲ್ಯಾಬ್, ತಂದೆ ಊರ ನಾಟಿ ನಾಯಿ. 40 ದಿನ ಆಗಿದೆ. ದುಡ್ಡು ಬೇಡ, ಬೇಗ ತಗೊಂಡು ಹೋಗಿ ಅಂತಿದ್ದಾರೆ. ಇನ್ನೊಂದು ಮೈಸೂರಲ್ಲೇ ಮಾರಾಟಕ್ಕಿರುವ ಗಂಡು. ಹಸ್ಕಿ–ಪೊಮೆರೇನಿಯನ್ ಕ್ರಾಸ್, 50 ದಿನ, ನೀಲಿ ಕಣ್ಣೇ ಸಾಕ್ಷಿ ಅಂತಾರೆ. ತಾಯಿಯನ್ನು ತೋರಿಸಿಲ್ಲ, ಲಸಿಕೆ ಕಾರ್ಡ್ ತೋರಿಸಿದ್ದಾರೆ.

ಯಾವುದು ಸರಿ? ಕ್ರಾಸ್ ನಾಯಿಗೆ ಕಾಯಿಲೆ ಬರಲ್ಲ ಅನ್ನೋದು ನಿಜವಾ? ಮುದ್ದೆ–ಹಾಲಲ್ಲಿ ಸಾಕಬಹುದಾ? ಮಗಳಿಗೆ ಧೂಳು ಕಂಡರೆ ಸೀನು. ಅಲರ್ಜಿ ಆಗದ ಕ್ರಾಸ್ ಅಂತ ಇದೆಯಾ?

ಬಾಲದ ಗುರುತು:

ಎರಡನೆಯದನ್ನು ಬಿಟ್ಟುಬಿಡಿ ಮೇಡಂ. ನೀಲಿ ಕಣ್ಣು ಸಾಕ್ಷಿಯೇ ಅಲ್ಲ. ಯಾವ ಮರಿಗಾದರೂ ಕಣ್ಣು ಬಿಟ್ಟಾಗ ನೀಲಿ ಛಾಯೆ ಇರುತ್ತೆ, ನಿಜವಾದ ಬಣ್ಣ ನಿಲ್ಲೋದು ಮೂರು–ನಾಲ್ಕು ತಿಂಗಳಿಗೆ. ಪೊಮೆರೇನಿಯನ್ ಅಂತ ನಮ್ಮ ಕಡೆ ಕರೆಯೋದೂ ಬಹುತೇಕ ಇಂಡಿಯನ್ ಸ್ಪಿಟ್ಜ್. ಅವರು ಹೇಳುವ ಹಸ್ಕಿ ರಕ್ತ ನಿಜವಾಗಿದ್ದರಂತೂ ನಿಮ್ಮ ಮನೆಗೆ ಇನ್ನೂ ಕಷ್ಟ. ಹಸ್ಕಿ ಚಳಿ ದೇಶದಲ್ಲಿ ಗಾಡಿ ಎಳೆಯೋಕೆ ಬೆಳೆಸಿದ ತಳಿ. ಮೈಮೇಲೆ ಎರಡು ಪದರ ಕೂದಲು, ದಿನವೂ ಗಂಟೆಗಟ್ಟಲೆ ಓಡುವ ಚೈತನ್ಯ. ಏಪ್ರಿಲ್ ಮಧ್ಯಾಹ್ನ ಇಲ್ಲಿ 35 ಡಿಗ್ರಿ ದಾಟಿದಾಗ ಹೊರಗೆ ಬಿಡೋಕಾಗಲ್ಲ, ಒಳಗೆ ಕೂಡಿಟ್ಟರೆ ಊಳಿಡೋದು, ಬಾಗಿಲು ಕೆರೆಯೋದು ಶುರು. ಅದನ್ನು ಏಳು ಗಂಟೆ ಅತ್ತೆಯವರ ತಲೆಮೇಲೆ ಹಾಕಬೇಡಿ.

ಕಾರ್ಡ್ ಇದೆ ಅಂದಿರಿ. ಅದರಲ್ಲಿ ಲಸಿಕೆ ಶೀಶೆಯಿಂದ ಕಿತ್ತು ಅಂಟಿಸಿದ ಲೇಬಲ್, ಬ್ಯಾಚ್ ನಂಬರ್, ತಾರೀಕು, ಡಾಕ್ಟರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಲಸಿಕೆ ಆರು ವಾರಕ್ಕಿಂತ ಮೊದಲೇ ಹಾಕಿದ್ದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆಯೇ ಲಸಿಕೆ ಕೆಲಸ ಮಾಡದಂತೆ ತಡೆದಿರುತ್ತೆ.

ಕಾಯಿಲೆ ವಿಷಯ. ದೂರದ ಎರಡು ತಳಿ ಸೇರಿದಾಗ ಮೊದಲ ಪೀಳಿಗೆಗೆ ಸ್ವಲ್ಪ ಗಟ್ಟಿತನ ಬರೋದು ನಿಜ. ಆದರೆ ತಂದೆ–ತಾಯಿ ಇಬ್ಬರಲ್ಲೂ ಒಂದೇ ದೋಷ ಇದ್ದರೆ ಕ್ರಾಸ್ ಮಾಡಿದ್ದರಿಂದ ಅದು ಹೋಗಲ್ಲ. ಲ್ಯಾಬ್, ಜರ್ಮನ್ ಶೆಫರ್ಡ್ ಎರಡಕ್ಕೂ ಸೊಂಟದ ಕೀಲು ಸಡಿಲವಾಗುವ ಕಾಯಿಲೆ ಇದೆ. ಅವೆರಡರ ಕ್ರಾಸ್‌ಗೂ ಅದು ಬರಬಹುದು. ಲ್ಯಾಬ್–ನಾಟಿಯಲ್ಲಿ ಆ ಭಯ ಕಡಿಮೆ, ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಪಾರ್ವೊ, ಡಿಸ್ಟೆಂಪರ್, ಹುಚ್ಚುನಾಯಿ ರೋಗಗಳಂತೂ ತಳಿ ನೋಡಿ ಬರಲ್ಲ.

ಸ್ವಭಾವವೂ ಹಾಗೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 18,000ಕ್ಕೂ ಹೆಚ್ಚು ನಾಯಿಗಳ ಅಧ್ಯಯನದಲ್ಲಿ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿ ವಿವರಿಸಿದ್ದು ಸುಮಾರು ಶೇ. 9 ಮಾತ್ರ. ಆದ್ದರಿಂದ ತೋಟಕ್ಕೆ ಹೋಗಿ ತಾಯಿಯನ್ನು ನೋಡಿ. ಅಪರಿಚಿತರು ಬಂದಾಗ ಎರಡು ಸಲ ಬೊಗಳಿ ಹತ್ತಿರ ಬಂದು ಮೂಸಿದರೆ ಒಳ್ಳೆಯದು. ಬಾಲ ಮುದುರಿ ಮೂಲೆ ಸೇರಿದರೆ, ಹಲ್ಲು ಕಿರಿದರೆ ಯೋಚಿಸಿ, ಆ ಅಂಜಿಕೆ ಮರಿಗಳಿಗೂ ಇಳಿಯುತ್ತೆ. ಮರಿಯ ಹತ್ತಿರ ಬೀಗದ ಕೈಗೊಂಚಲು ನೆಲಕ್ಕೆ ಬಿಡಿ. ಬೆಚ್ಚಿ, ಅರ್ಧ ನಿಮಿಷದಲ್ಲಿ ಮೂಸೋಕೆ ಬರುವ ಮರಿ ಮಕ್ಕಳಿರುವ ಮನೆಗೆ ಹೊಂದುತ್ತೆ. ಪಾದ, ಕಿವಿ, ಬಾಯಿ ಮುಟ್ಟಿ ನೋಡಿ. ಕೊಸರಾಡಿ ಆಮೇಲೆ ಸುಮ್ಮನಾಗಬೇಕು.

ಆದರೆ 40 ದಿನಕ್ಕೆ ತರಬೇಡಿ. 56 ದಿನ ತುಂಬಲಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನೋದನ್ನು ಮರಿ ಕಲಿಯೋದು ಈ ದಿನಗಳಲ್ಲಿ, ಒಡಹುಟ್ಟಿದವರ ಜೊತೆ ಆಡುವಾಗ. ಇದು ತಪ್ಪಿದರೆ ನಿಮ್ಮ ಮಗಳ ಕೈಮೇಲೆ ಕಲಿಯುತ್ತೆ. 2017ರ ಕೇಂದ್ರದ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮವೂ ಎಂಟು ವಾರಕ್ಕೆ ಮೊದಲು ಮರಿ ಮಾರುವಂತಿಲ್ಲ ಅನ್ನುತ್ತೆ. ಅಂದಮೇಲೆ ಆ 50 ದಿನದ ಮರಿಯನ್ನೂ ಮಾರುವಂತಿಲ್ಲ. ತೋಟದವರಿಗೆ ಎರಡು ವಾರಕ್ಕಾಗುವಷ್ಟು ಮರಿ ಆಹಾರ ಕೊಂಡು ಕೊಟ್ಟು, ಮರಿಯನ್ನು ತಾಯಿ ಹತ್ತಿರವೇ ಇರಿಸಿ.

ನಾಲೆಬಯಲು, ಮಂಡ್ಯ:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಮರಿ ಬರೋದು ನಾಲೆ, ಕಬ್ಬಿನಗದ್ದೆ, ದನದ ಕೊಟ್ಟಿಗೆ ಇರುವ ಜಾಗದಿಂದ. ಹಾಗಾಗಿ ಕೆಲವು ಮಾತು.

ಮೊದಲು ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್, ಬೆಬಿಸಿಯೋಸಿಸ್ ನಮ್ಮ ಭಾಗದಲ್ಲಿ ಸಾಮಾನ್ಯ. ಜ್ವರ, ಊಟ ಬಿಡೋದು, ಒಸಡು ಬಿಳಚೋದು, ಕೆಲವೊಮ್ಮೆ ಮೂಗಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ ಕಂಡರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಹಸುವಿಗೆ ಹೊಡೆಯುವ ಉಣ್ಣೆ ಔಷಧಿಯನ್ನು ಅಂದಾಜಲ್ಲಿ ಮರಿಗೆ ಹಚ್ಚೋದು, ದನದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನೇ ನಾಯಿಗೆ ಕೊಡೋದು ಹಳ್ಳಿಗಳಲ್ಲಿ ನಡೀತಿದೆ. ದಯವಿಟ್ಟು ಬೇಡ. ದನದ ಇಂಜೆಕ್ಷನ್ ಎಷ್ಟೋ ಪಟ್ಟು ಪ್ರಬಲ, ಒಂದು ಹನಿ ಹೆಚ್ಚಾದರೂ ಮರಿಗೆ ವಿಷ. ಕೋಲಿ ಅನ್ನೋ ಕುರಿ ಕಾಯುವ ತಳಿಯ, ಕೆಲವು ಜರ್ಮನ್ ಶೆಫರ್ಡ್‌ಗಳ ರಕ್ತದಲ್ಲಿ ಈ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ಜೀನೇ ಕೆಟ್ಟಿರುತ್ತೆ. ಯಾವ ಕ್ರಾಸ್ ಅಂತ ಖಚಿತ ಇಲ್ಲದ ನಾಯಿಗೆ ಅದು ಇಲ್ಲ ಅಂತ ಹೇಗೆ ಹೇಳ್ತೀರಿ? ಎಂಟು ವಾರ ಮತ್ತು ಎರಡು ಕೆಜಿ ದಾಟಿದ ಮರಿಗೆ ತೂಕದ ಮೇಲೆ ಕೊಡುವ ಉಣ್ಣೆ ಮಾತ್ರೆ ಸಿಗುತ್ತೆ. ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳು ಕೆಲಸ ಮಾಡುತ್ತವೆ. ಡಾಕ್ಟರ ಕೈಲೇ ಬರೆಸಿ.

ಎರಡನೆಯದು ಇಲಿಜ್ವರ. ಇಲಿ ಮೂತ್ರ ಸೇರಿದ ನಾಲೆ ನೀರು, ಗದ್ದೆ ನೀರು ಮುಖ್ಯ ಮೂಲ, ಮನುಷ್ಯರಿಗೂ ಹರಡುತ್ತೆ. ಲಸಿಕೆ ಹಾಕಿಸುವಾಗ ಡಿಎಚ್‌ಪಿಪಿಐ (ಡಿಸ್ಟೆಂಪರ್, ಪಾರ್ವೊ ಮುಂತಾದವಕ್ಕೆ ಸೇರಿಸಿ ಕೊಡುವ ಲಸಿಕೆ) ಜೊತೆ ‘ಎಲ್’, ಅಂದರೆ ಲೆಪ್ಟೊ ಇದೆಯಾ ಅಂತ ಕೇಳಿ. ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು–ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವ ತನಕ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಬೂಸ್ಟರ್ ಡಾಕ್ಟರ್ ಹೇಳಿದಂತೆ, ನಂತರ ವರ್ಷಕ್ಕೊಂದು. ಜಂತುಹುಳಕ್ಕೆ ಮೂರು ತಿಂಗಳವರೆಗೆ 15 ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಮರಿಯ ದುಂಡುಹುಳದ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆ ಸೇರುತ್ತೆ, ಅದಕ್ಕೇ ಇದರಲ್ಲಿ ಸಡಿಲ ಬಿಡಬೇಡಿ.

ಕೊನೆಯ ಡೋಸ್ ಆಗಿ ಎರಡು ವಾರದವರೆಗೆ ರಸ್ತೆ, ಪಾರ್ಕಿನ ನೆಲಕ್ಕೆ ಇಳಿಸಬೇಡಿ. ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಇರುತ್ತೆ, ಬರೀ ಫಿನಾಯಿಲ್ ನಂಬಬೇಡಿ. ಒಂದು ಲೀಟರ್ ನೀರಿಗೆ 30 ಎಂಎಲ್ ಮನೆಬಳಕೆಯ ಬ್ಲೀಚ್ ಬೆರೆಸಿ, ತೊಳೆದ ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಡಬೇಕು. ಹಾಗಂತ ಮರಿಯನ್ನು ಮನೆಯಲ್ಲೇ ಮುಚ್ಚಿಡಬೇಡಿ. 12–14 ವಾರದೊಳಗೆ ಕಂಡದ್ದಕ್ಕೆ ಹೆದರದೆ ಬೆಳೆಯುತ್ತೆ. ಎತ್ತಿಕೊಂಡೇ ಬಸ್ಸು, ಕುಕ್ಕರ್ ಸೀಟಿ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜಂದಿರು, ಎಲ್ಲ ತೋರಿಸಿ.

ಕುಕ್ಕರಹಳ್ಳಿ ಏರಿ:

ಇಬ್ಬರಿಗೂ ತುಂಬಾ ಧನ್ಯವಾದ. ಲ್ಯಾಬ್–ನಾಟಿ ಅಂತಲೇ ನಿರ್ಧಾರ, ಎರಡು ವಾರ ಕಾಯ್ತೀವಿ. ದೊಡ್ಡದಾದ ಮೇಲೆ ಎಷ್ಟು ತೂಗಬಹುದು? ಅತ್ತೆಯವರನ್ನು ಬೀಳಿಸಿಬಿಟ್ಟರೆ ಅಂತ ಭಯ. ಊಟ ಮತ್ತು ಅಲರ್ಜಿ ಬಗ್ಗೆಯೂ ಹೇಳಿ.

ರಾಗಿಕಣಜ:

ಹೆಣ್ಣು ಲ್ಯಾಬ್–ನಾಟಿ ಸಾಮಾನ್ಯವಾಗಿ 18ರಿಂದ 25 ಕೆಜಿ. ನಾಲ್ಕು ತಿಂಗಳಿಗೆ ತೂಗಿ ಎರಡರಿಂದ ಗುಣಿಸಿದರೆ ಹತ್ತಿರದ ಅಂದಾಜು ಸಿಗುತ್ತೆ. ಮೈಮೇಲೆ ಹಾರುವ ಚಟ ಮರಿಯಲ್ಲೇ ನಿಲ್ಲಿಸಿ: ನಾಲ್ಕೂ ಕಾಲು ನೆಲದಲ್ಲಿದ್ದಾಗ ಮಾತ್ರ ಮಾತಾಡಿಸಿ, ಹಾರಿದರೆ ಬೆನ್ನು ತಿರುಗಿಸಿ. ಮನೆಯವರೆಲ್ಲ ಹೀಗೇ ಮಾಡಬೇಕು, ಒಬ್ಬರು ಮುದ್ದು ಮಾಡಿದರೂ ಕೆಡುತ್ತೆ. ವಾಕಿಂಗ್‌ಗೆ ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಹಾಕಿ. ಗ್ರಾನೈಟ್, ಟೈಲ್ಸ್ ನೆಲದಲ್ಲಿ ಮರಿ ಓಡುವ ದಾರಿಗೆ ತೆಂಗಿನ ನಾರಿನ ಚಾಪೆ ಹಾಸಿ, ಜಾರಿ ಜಾರಿ ಸೊಂಟದ ಕೀಲು ಕೆಡುತ್ತೆ. ಗೇಟಿನ ಸರಳಿಗೆ ಕೆಳಗಿನ ಒಂದೂವರೆ ಅಡಿ ಜಾಲರಿ ಕಟ್ಟಿಸಿ, ಆರು ತಿಂಗಳೊಳಗೆ ಕಾಂಪೌಂಡನ್ನು ಐದಡಿಗೆ ಏರಿಸಿ.

ಮುದ್ದೆ ವಿಷವಲ್ಲ, ಆದರೆ ಮುದ್ದೆ–ಹಾಲೇ ಊಟ ಆಗಬಾರದು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ, ಆದರೆ ಅದರಲ್ಲಿ ಸ್ವಲ್ಪ ಭಾಗ ಮೈಗೆ ಹತ್ತಲ್ಲ. ಪ್ರೋಟೀನ್ ಶೇ. 7ರ ಆಸುಪಾಸು, ಬೆಳೆಯುವ ಮರಿಗೆ ಬೇಕಾದದ್ದು ಒಣ ಆಹಾರದ ಲೆಕ್ಕದಲ್ಲಿ ಶೇ. 22ಕ್ಕೂ ಮೇಲೆ. ಹಸುವಿನ ಹಾಲು ಕೆಲವಕ್ಕೆ ಭೇದಿ ಮಾಡಿಸುತ್ತೆ. ಮೊದಲ ವರ್ಷ ಪಪ್ಪಿ ಫುಡ್ಡೇ ಮುಖ್ಯವಾಗಿರಲಿ, ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ, ಹಿಡಿಯಷ್ಟು ಮುದ್ದೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಪಪ್ಪಿ ಫುಡ್ ಕೊಡುವಾಗ ಮೇಲಿಂದ ಕ್ಯಾಲ್ಸಿಯಂ ಟಾನಿಕ್ ಬೇಡ, ಹೆಚ್ಚಾದರೆ ಮೂಳೆ ವಕ್ರ ಬೆಳೆಯುತ್ತೆ. ಈರುಳ್ಳಿ–ಬೆಳ್ಳುಳ್ಳಿ ಹಾಕಿದ ಸಾರು, ಪಾಯಸದ ಒಣದ್ರಾಕ್ಷಿ, ಬೆಂದ ಕೋಳಿ ಮೂಳೆ, ಚಾಕೊಲೇಟ್ ಮುಟ್ಟಿಸಬೇಡಿ. ಮಗಳಿಗೂ ಹೇಳಿಕೊಡಿ.

ಅಲರ್ಜಿ ಕೂದಲಿಂದಷ್ಟೇ ಅಲ್ಲ, ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದ. 1989ರಲ್ಲಿ ಆಸ್ಟ್ರೇಲಿಯಾದಲ್ಲಿ, ಗಂಡನಿಗೆ ನಾಯಿ ಅಲರ್ಜಿ ಇದ್ದ ಅಂಧ ಮಹಿಳೆಗಾಗಿ ವಾಲಿ ಕಾನ್ರನ್ ಲ್ಯಾಬ್ ಮತ್ತು ಪೂಡಲ್ ಸೇರಿಸಿ ಮಾರ್ಗದರ್ಶಿ ನಾಯಿ ಬೆಳೆಸಿದಾಗಲೇ, ಹುಟ್ಟಿದ ಮೂರು ಮರಿಗಳಲ್ಲಿ ಒಂದರಿಂದ ಮಾತ್ರ ಆ ಗಂಡನಿಗೆ ಅಲರ್ಜಿ ಆಗಲಿಲ್ಲ. ಒಂದೇ ಸೂಲಿನಲ್ಲಿ ಇಷ್ಟು ವ್ಯತ್ಯಾಸ. ಲ್ಯಾಬ್–ನಾಟಿ ಕೂದಲು ಉದುರಿಸಿಯೇ ಉದುರಿಸುತ್ತೆ. ಈ ಎರಡು ವಾರದಲ್ಲಿ ಮಗಳನ್ನು ಎರಡು ಮೂರು ಸಲ ತೋಟಕ್ಕೆ ಕರೆದೊಯ್ದು ಗಂಟೆ ಹೊತ್ತು ತಾಯಿ ನಾಯಿ ಹತ್ತಿರ ಕೂರಿಸಿ. ಸೀನು, ಕಣ್ಣುರಿ, ದದ್ದು ಬಂದರೆ ಮರಿ ತರುವ ಮೊದಲೇ ಅಲರ್ಜಿ ಡಾಕ್ಟರನ್ನು ನೋಡಿ.