ಪಾಚಿ ಸಾರು ಮತ್ತು ಸಾಕ್ಸ್

ಪದ್ದಕ್ಕ ಮಗಳ ಬಾಣಂತನ ಮುಗಿಸಿಕೊಂಡು ನ್ಯೂಜೆರ್ಸಿಯಿಂದ ವಾಪಸ್ ಬಂದು ಹತ್ತು ದಿನವಾಯಿತು. ಹತ್ತು ದಿನದಿಂದಲೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮಗೆ ಬರೀ ಅಮೆರಿಕ. ನಿನ್ನೆ ಮಾತ್ರ ನಡುವೆ ಕೊರಿಯಾ ನುಗ್ಗಿತು.

"ಮಗಳ ಮನೆ ಎಡಕ್ಕೆ ಅಮೆರಿಕದವಳು, ಬಲಕ್ಕೆ ಕೊರಿಯಾದ ಅಜ್ಜಿ" ಎಂದು ಪದ್ದಕ್ಕ ಶುರು ಮಾಡಿದರು. "ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಲ್ ಆಯ್ತು. ಬಾಗಿಲು ತೆಗೆದರೆ ಯಾರೂ ಇಲ್ಲ. ಹೊಸ್ತಿಲ ಹತ್ರ ಅಲ್ಯೂಮಿನಿಯಂ ಟ್ರೇ, ಅದರಲ್ಲಿ ಲಸಾನ್ಯ, ಮೇಲೊಂದು ಚೀಟಿ. ಓವನ್ನಿನಲ್ಲಿ ಇಷ್ಟು ನಿಮಿಷ ಇಡಿ, ಟ್ರೇ ವಾಪಸ್ ಕೊಡೋದು ಬೇಡ, ನಿಮ್ಮ ನಿದ್ದೆ ಕೆಡಿಸಬಾರದು ಅಂತ ಹೋಗ್ತಾ ಇದ್ದೀನಿ ಅಂತ."

"ಎಷ್ಟು ನಾಜೂಕು!" ಎಂದ ಶೀನ.

"ನಾಜೂಕೇ ಕಣೋ. ಆದ್ರೆ ಕೊರಿಯರ್ ಹುಡುಗ ಇಟ್ಟು ಹೋದ ಹಾಗಿತ್ತು. ಮಧ್ಯಾಹ್ನ ಮತ್ತೆ ಬೆಲ್. ಈ ಸಲ ನಾನು ಬಾಗಿಲು ಪೂರ್ತಿ ತೆಗೆಯೋದರೊಳಗೆ ಅಜ್ಜಿ ಅರ್ಧ ಒಳಗೆ! ಚಪ್ಪಲಿ ಬಿಟ್ಟವಳೇ ಸೀದಾ ಮಗಳ ಕೋಣೆಗೆ ಹೋದಳು. ಮಗಳ ಕಾಲು ನೋಡಿ ಕಿರುಚಿದಳು."

"ಯಾಕೆ, ಕಾಲು ಊದಿತ್ತಾ?"

"ಸಾಕ್ಸ್ ಇರಲಿಲ್ಲ!"

ಪದ್ದಕ್ಕನ ಮುಖ ಅರಳಿತು. ಎರಡು ದಿನದಿಂದ ಅವರೂ ಅದನ್ನೇ ಬಡಿದುಕೊಂಡಿದ್ದರಂತೆ, ಮಗಳು ಕೇಳಿರಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರು ಅಜ್ಜಿಯರು ಸೇರಿ ಸಾಕ್ಸ್ ತೊಡಿಸಿದರು, ಕಿಟಕಿ ಮುಚ್ಚಿದರು, ಫ್ರಿಜ್ಜಿನ ನೀರಿನ ಬಾಟಲಿ ಎತ್ತಿಟ್ಟರು. ಮೂವತ್ತು ಜನರ ಟೀಮಿಗೆ ಬಾಸ್ ಆಗಿರುವ ಮಗಳು ಬಾಯಿ ಮುಚ್ಚಿಕೊಂಡು ಮಲಗಿದಳು.

"ಆಮೇಲೆ ಅಜ್ಜಿ ತಂದ ಪಾತ್ರೆ ಮುಚ್ಚಳ ತೆಗೆದೆ. ಒಳಗೆ ಕೆರೆ ಪಾಚಿ!"

"ಪಾಚಿ ಅಲ್ಲ, ಸಮುದ್ರದ ಸೊಪ್ಪು" ಎಂದರು ಮೇಷ್ಟ್ರು. ಅವರು ಓದದೇ ಇರುವ ವಿಷಯ ಕಡಿಮೆ. "ಮಿಯೊಕ್‌ಗುಕ್ ಅಂತಾರೆ. ಕೊರಿಯಾದಲ್ಲಿ ಹೆತ್ತವಳಿಗೆ ವಾರಗಟ್ಟಲೆ ಅದೇ ಸಾರು. ಆಮೇಲೆ ಹುಟ್ಟಿದವನೂ ಪ್ರತಿ ಹುಟ್ಟುಹಬ್ಬಕ್ಕೆ ಅದನ್ನೇ ಕುಡೀಬೇಕು. ಕೇಕು ಅವನ ಲೆಕ್ಕಕ್ಕೆ, ಸಾರು ಅಮ್ಮನ ಲೆಕ್ಕಕ್ಕೆ. ಆದ್ರೆ ಪದ್ದಕ್ಕ, ಅದಕ್ಕೆ ಸಾಮಾನ್ಯವಾಗಿ ಮಾಂಸ ಹಾಕ್ತಾರೆ."

"ಮಗಳು ಮೊದಲೇ ಹೇಳಿದ್ದಳು ಮೇಷ್ಟ್ರೇ. ಬರೀ ಎಳ್ಳೆಣ್ಣೆ, ಸೋಯಾ ಸಾಸ್, ಬೆಳ್ಳುಳ್ಳಿ. ಬೆಳ್ಳುಳ್ಳಿ ವಾಸನೆ ಬಂದ ಮೇಲೆ ನನಗೂ ಧೈರ್ಯ ಬಂತು. ಬಾಣಂತಿಗೆ ಬೆಳ್ಳುಳ್ಳಿ ಹಾಕೋರು ಕೆಟ್ಟೋರಲ್ಲ."

"ಪರೀಕ್ಷೆ ದಿನ ಮಾತ್ರ ಅದನ್ನ ಮುಟ್ಟಲ್ಲ" ಎಂದು ಶೀನ ಬಾಯಿ ಹಾಕಿದ. ಅವನು ಎರಡು ವರ್ಷ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಕೆಲಸ ಮಾಡಿದವನು. "ಸೊಪ್ಪು ಜಾರುತ್ತಲ್ಲ, ಮಾರ್ಕ್ಸೂ ಜಾರಿಬಿಡುತ್ತೆ ಅಂತ. ಅವತ್ತು ಯೊತ್ ಅನ್ನೋ ಅಂಟು ಮಿಠಾಯಿ ಕೊಡ್ತಾರೆ. ಅಂಟಿಕೊಂಡರೆ ಪಾಸು."

ಮೇಷ್ಟ್ರು ಗಹಗಹಿಸಿ ನಕ್ಕರು. ನಲವತ್ತು ವರ್ಷ ಗಣಿತ ಕಲಿಸಿದವರು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಮುಂದೆ ಹೋಗುವ ಆಸಾಮಿ. "ಸೆಮಿಕಂಡಕ್ಟರ್ ಮಾಡೋ ದೇಶ ಕಣಯ್ಯ ಅದು! ಸಾರಿಗೂ ಮಾರ್ಕ್ಸಿಗೂ ಎಲ್ಲಿಂದ ಎಲ್ಲಿಗೆ?"

"ನೀವು ನಗ್ತೀರಿ. ಅಲ್ಲಿ ನವೆಂಬರಿನಲ್ಲಿ ಸುನುಂಗ್ ಅಂತ ಕಾಲೇಜಿಗೆ ಸೇರೋ ಪರೀಕ್ಷೆ ಇರುತ್ತೆ. ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯೋ ಹೊತ್ತಿನಲ್ಲಿ ದೇಶದಲ್ಲಿ ವಿಮಾನ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಷೇರು ಮಾರ್ಕೆಟ್ಟೇ ಒಂದು ಗಂಟೆ ತಡವಾಗಿ ತೆಗೀತಾರೆ. ಅಮ್ಮಂದಿರು ನೂರು ದಿನ ಮುಂಚೆಯೇ ಜೋಗ್ಯೇಸಾ ಬೌದ್ಧ ದೇವಾಲಯದಲ್ಲಿ ಕೂತು ಪ್ರಾರ್ಥನೆ ಶುರು ಮಾಡ್ತಾರೆ."

ವಿಮಾನ ಹಾಗಿರಲಿ. ನನ್ನ ಮಗನ ಪಿಯುಸಿ ಪರೀಕ್ಷೆಗೆ ಪಕ್ಕದ ಮನೆಯ ಮಿಕ್ಸಿ ನಿಲ್ಲಿಸೋಕೂ ನನ್ನ ಕೈಲಿ ಆಗಿರಲಿಲ್ಲ.

ಶೀನನ ಮ್ಯಾನೇಜರ್ ಕಥೆ ಇನ್ನೂ ಮಜಾ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಇಂಗ್ಲಿಷ್ ಕಲಿಸಲು ಅಮೆರಿಕಕ್ಕೆ ಹೋಗಿದ್ದಾಳೆ. ಈತ ಸೋಲ್‌ನಲ್ಲಿ ಒಂಟಿಯಾಗಿ ನೂಡಲ್ಸ್ ತಿಂದುಕೊಂಡು ದುಡ್ಡು ಕಳಿಸುತ್ತಾನೆ. ಇಂಥ ಗಂಡಸರಿಗೆ ಅಲ್ಲಿ 'ಗಿರೊಗಿ ಅಪ್ಪ' ಎಂದೇ ಹೆಸರು. ಗಿರೊಗಿ ಅಂದರೆ ವಲಸೆ ಹೋಗುವ ಕಾಡು ಹೆಬ್ಬಾತು. ವರ್ಷಕ್ಕೊಮ್ಮೆ ಹಾರಿ ಹೋಗಿ ಮಕ್ಕಳ ಮುಖ ನೋಡಿ ಬರುತ್ತಾನೆ.

"ಇಷ್ಟೆಲ್ಲ ಒದ್ದಾಡಬೇಕು ಅಂತ ಗೊತ್ತಾದ ಮೇಲೆ ಯಾರು ಹೆರ್ತಾರೆ?" ಎಂದರು ಮೇಷ್ಟ್ರು. "ಟ್ಯೂಷನ್ ಖರ್ಚು, ಮನೆ ಬಾಡಿಗೆ, ಎಲ್ಲಾ ಸೇರಿ 2023ರಲ್ಲಿ ಅಲ್ಲಿ ಹೆಂಗಸೊಬ್ಬಳಿಗೆ 0.72 ಮಗು."

"ಮುಕ್ಕಾಲು ಮಗು ಹೆರೋದು ಹೇಗೆ ಮೇಷ್ಟ್ರೇ?"

"ಮುಕ್ಕಾಲೂ ಇಲ್ಲ ಪದ್ದಕ್ಕ."

ಹಾಗಾದರೆ ಅಮೆರಿಕದ ಅಮ್ಮಂದಿರೇ ವಾಸಿ ಅಲ್ವಾ, ಆರಾಮಾಗಿರ್ತಾರೆ ಎಂದೆ ನಾನು. ಪದ್ದಕ್ಕ ನನ್ನನ್ನೇ ನೋಡಿದರು.

"ಆರಾಮಾ? ಎಡಗಡೆಯವಳದು ಆರು ತಿಂಗಳ ಕೂಸು. ಅದಕ್ಕೆ ಮಹಡಿಯಲ್ಲಿ ಬೇರೆ ಕೋಣೆ, ಬೇರೆ ತೊಟ್ಟಿಲು, ಮೇಲೊಂದು ಕ್ಯಾಮೆರಾ. ಒಂದು ರಾತ್ರಿ ಅವಳ ಟಿಫಿನ್ ಡಬ್ಬಿ ಕೊಡೋಕೆ ಹೋದೆ. ಮೇಲೆ ಮಗು ಕಿರುಚ್ತಾ ಇದೆ. ಇವಳು ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡ್ತಾ ಇದ್ದಾಳೆ."

ಅದು ಫರ್ಬರ್ ಎಂಬ ಬಾಸ್ಟನ್ನಿನ ಡಾಕ್ಟರು 1985ರಲ್ಲಿ ಹೇಳಿಕೊಟ್ಟ ಉಪಾಯ. ಮಗು ಅತ್ತರೆ ಮೊದಲು ಕೆಲವು ನಿಮಿಷ ಕಾಯಬೇಕು. ಹೋಗಿ ಸಮಾಧಾನ ಮಾಡಬೇಕು, ಎತ್ತಿಕೊಳ್ಳಬಾರದು. ಮುಂದಿನ ಸಲ ಇನ್ನಷ್ಟು ಹೊತ್ತು, ಆಮೇಲೆ ಅದಕ್ಕೂ ಹೆಚ್ಚು. ಕೊನೆಗೆ ಅದು ತಾನಾಗಿ ಮಲಗೋದು ಕಲಿಯುತ್ತೆ ಅಂತ ಲೆಕ್ಕ.

"ಬೈದುಬಿಡೋಣ ಅಂತ ಹತ್ತಿರ ಹೋದೆ. ನೋಡಿದರೆ ಅವಳ ಕಣ್ಣಲ್ಲೂ ನೀರು! ಮೇಲೆ ಕೂಸು ಅಳ್ತಿದೆ, ಕೆಳಗೆ ತಾಯಿ ಅಳ್ತಿದ್ದಾಳೆ. ನನಗಂತೂ ಇಬ್ಬರನ್ನೂ ಎತ್ಕೊಂಡುಬಿಡೋಣ ಅನ್ನಿಸ್ತು."

"ಅವಳೇನು ಮಾಡ್ತಾಳೆ ಪಾಪ" ಎಂದರು ಮೇಷ್ಟ್ರು, ಸ್ವಲ್ಪ ಮೆತ್ತಗೆ. "1993ರ ಕಾನೂನು ಕೊಡೋದು 12 ವಾರ ರಜೆ, ಅದೂ ಸಂಬಳವಿಲ್ಲದ್ದು. ಸಣ್ಣ ಕಂಪನಿಯಾದರೆ ಅದೂ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗೋಳು ರಾತ್ರಿ ಮಲಗಬೇಕಲ್ಲ."

ಸಾಕ್ಸ್ ಹಾಕಿಸೋಕೆ ಅಜ್ಜಿಯೂ ಇಲ್ಲದ ಮನೆ ಅದು. ನಾನು ಸುಮ್ಮನಾದೆ.

ಶೀನ ಬಿಡಲಿಲ್ಲ. "ಆದ್ರೆ ಅಮೆರಿಕದವರು ಬಾಯಿ ಬಿಟ್ಟು ಹೇಳ್ತಾರೆ ಪದ್ದಕ್ಕ. ಮಗು ಸ್ಕೂಲ್ ಬಸ್ ಹತ್ತಿದರೂ ಐ ಲವ್ ಯೂ, ಫೋನ್ ಇಟ್ಟರೂ ಐ ಲವ್ ಯೂ."

"ಅಜ್ಜಿ ಬಾಯಲ್ಲಿ ಅದು ಬರಲ್ಲಪ್ಪ. ನಲವತ್ತು ವರ್ಷದ ಮಗನ ಜೊತೆ ಒಂದಿನ ಜೋರು ಜಗಳ ಆಡಿದಳು, ನಮ್ಮನೆವರೆಗೂ ಕೇಳಿಸ್ತು. ಅರ್ಧ ಗಂಟೆ ಬಿಟ್ಟು ನಾನು ಹೋದರೆ, ಪೇರ್ ಹಣ್ಣಿನ ಸಿಪ್ಪೆ ಹೆರೀತಾ ಇದ್ದಾಳೆ. ಒಂದೇ ಅಳತೆಯ ಹೋಳು. ತಟ್ಟೆಯಲ್ಲಿ ಜೋಡಿಸಿ, ಪುಟ್ಟ ಫೋರ್ಕ್ ಚುಚ್ಚಿ, ಮಗನ ಕೋಣೆ ಬಾಗಿಲು ತಟ್ಟದೇ ತಳ್ಳಿ, ಮೇಜಿನ ಮೇಲೆ ಕುಕ್ಕಿ ಬಂದಳು. ಅವನು ತಿಂದ. ಮುಗೀತು ಜಗಳ."

"ನಮ್ಮಮ್ಮ ದೋಸೆ ಕುಕ್ತಾಳೆ" ಎಂದ ಶೀನ.

ಕತ್ತಲಾಗುತ್ತಿತ್ತು. ಪದ್ದಕ್ಕ ಚೀಲದಿಂದ ಮೂರು ಪೊಟ್ಟಣ ತೆಗೆದರು. ಹೊರಡುವಾಗ ಅಜ್ಜಿ ಸೂಟ್‌ಕೇಸಿಗೆ ತುರುಕಿದ ಒಣ ಸೊಪ್ಪಂತೆ. ಕಪ್ಪಗೆ, ಸುರುಟಿಕೊಂಡು, ಒಲೆ ಹೊತ್ತಿಸುವ ಪುಳ್ಳೆಯ ಹಾಗಿತ್ತು. ನೀರಿಗೆ ಹಾಕಿದರೆ ಒಂದು ಹಿಡಿ ಒಂದು ಪಾತ್ರೆಯಾಗುತ್ತಂತೆ. ನನಗೊಂದು ಕೊಟ್ಟರು, ಶೀನನಿಗೊಂದು. ಮೇಷ್ಟ್ರು ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಮುಂದಿನ ವಾರ ಕೊಡಿ ಪದ್ದಕ್ಕ."

"ಯಾಕೆ ಮೇಷ್ಟ್ರೇ, ಕೆಡೋ ವಸ್ತು ಅಲ್ಲ ಇದು."

"ಅದಕ್ಕಲ್ಲ" ಎಂದು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಸೋಮವಾರ ಮೊಮ್ಮಗನಿಗೆ ಗಣಿತ ಪರೀಕ್ಷೆ."